ಯರವಡಾದ ಮೂರನೇ ಗೋಡೆ

ಪುಣೆಯ ಜೈಲಿಗೂ ಅರಮನೆಗೂ ಇತಿಹಾಸ ನೋಡಲು ಜನ ಬರುತ್ತಾರೆ. ನೆರೆಯ ಮಾನಸಿಕ ಆಸ್ಪತ್ರೆಯ ಶತಮಾನದ ನೆನಪನ್ನು ಕಾಯುವವರು ಯಾರು?

ಮುಳಾ-ಮುಠಾ ನದಿ ದಾಟಿದರೆ ಯರವಡಾ. ಇಂದು ಐಟಿ ಕಚೇರಿ, ವಸತಿ ಸಮುಚ್ಚಯ, ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳಿಂದ ತುಂಬಿರುವ ಈ ಭಾಗ ಬ್ರಿಟಿಷರ ಕಾಲದಲ್ಲಿ ಊರಾಚೆಯದು. ವಿಶಾಲ ಜಾಗ ಬೇಕಾದದ್ದನ್ನೂ ಊರಿನ ಕಣ್ಣಿಗೆ ಬೀಳಬಾರದ್ದನ್ನೂ ಅವರು ಇಲ್ಲಿ ತಂದು ಕಟ್ಟಿದರು. 1860ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕಲ್ಲುಕಟ್ಟಡ ಎದ್ದಿತು. ತಿಲಕರು ಓದಿದ ಕಾಲೇಜು ಅದು, ನಮ್ಮ ಡಿ.ಎನ್. ಶಂಕರ ಭಟ್ಟರು ಭಾಷಾವಿಜ್ಞಾನದ ಕೆಲಸ ಮಾಡಿದ್ದೂ ಅಲ್ಲೇ. 1871ರಲ್ಲಿ ಸೆಂಟ್ರಲ್ ಜೈಲು ಬಂತು. 1892ರಲ್ಲಿ ಮೂರನೇ ಆಗಾ ಖಾನ್ ಅರಮನೆ ಕಟ್ಟಿಸಿದರು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಮುಂಬೈ ಪ್ರಾಂತ್ಯದ ‘ಸೆಂಟ್ರಲ್ ಲುನಾಟಿಕ್ ಅಸೈಲಂ’ ಯರವಡಾಕ್ಕೆ ಬಂತು. ಇಂದಿನ ಪ್ರಾದೇಶಿಕ ಮನೋರುಗ್ಣಾಲಯ ಅದೇ.

ಕಾಲೇಜನ್ನು ಬಿಟ್ಟರೆ ಉಳಿದ ಮೂರೂ ಒಂದಲ್ಲ ಒಂದು ಕಾಲಕ್ಕೆ ಜನರನ್ನು ಕೂಡಿಹಾಕಿದ ಜಾಗಗಳು. ಗಾಂಧೀಜಿ 1922ರಿಂದ ಮೊದಲ್ಗೊಂಡು ಹಲವು ಬಾರಿ ಯರವಡಾ ಜೈಲು ಕಂಡರು. 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾದದ್ದು ಆ ಜೈಲಿನಲ್ಲಿ. 1942ರಿಂದ 1944ರವರೆಗೆ ಅವರನ್ನು ಆಗಾ ಖಾನ್ ಅರಮನೆಯಲ್ಲಿ ಇಡಲಾಗಿತ್ತು. ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಮತ್ತು ಪತ್ನಿ ಕಸ್ತೂರಬಾ ಕೊನೆಯುಸಿರೆಳೆದದ್ದು ಅಲ್ಲೇ; ಅವರ ಸಮಾಧಿಗಳು ಆವರಣದಲ್ಲಿವೆ. 1969ರಲ್ಲಿ ನಾಲ್ಕನೇ ಆಗಾ ಖಾನ್ ಆ ಅರಮನೆಯನ್ನು ದೇಶಕ್ಕೆ ಕೊಟ್ಟರು, ಅದು ಸ್ಮಾರಕವಾಯಿತು. ಜೈಲೂ ಹಿಂದೆ ಬೀಳಲಿಲ್ಲ. 2021ರ ಜನವರಿ 26ರಂದು ಮಹಾರಾಷ್ಟ್ರ ಸರ್ಕಾರ ‘ಜೈಲು ಪ್ರವಾಸೋದ್ಯಮ’ ಶುರು ಮಾಡಿದ್ದು ಯರವಡಾದಿಂದಲೇ.

ಮೂರನೆಯದಾದ ಆಸ್ಪತ್ರೆಯನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಕೊಳ್ಳಲೂ ಬಾರದು, ಅಲ್ಲಿ ಇಂದಿಗೂ ಜನ ಇದ್ದಾರೆ. ಆದರೆ ಜೈಲಿನ ಕೋಣೆಗೆ ‘ಇದು ಗಾಂಧೀಜಿ ಇದ್ದ ಕೋಣೆ’ ಎಂದು ಹೇಳಲು ಒಂದು ಹೆಸರಿದೆ. ಆಸ್ಪತ್ರೆಯ ಕೋಣೆಗಳಿಗೆ ಅಂಥ ಹೆಸರಿಲ್ಲ. ಬಂಧನದ ನೆನಪು ಉಳಿಯುವುದೋ ಅಳಿಯುವುದೋ ಒಳಗಿದ್ದವರು ಯಾರು ಎಂಬುದರ ಮೇಲೆ ನಿಂತಿದೆ. ಹಳೆಯ ಮನೋರೋಗ ಆಸ್ಪತ್ರೆಗಳ ಕಟ್ಟಡಗಳನ್ನು ಏನು ಮಾಡಬೇಕು ಎಂದು ಕೇಳುವಾಗ ಮೊದಲು ನೆನೆಯಬೇಕಾದ ಮಾತು ಇದು.

ಧಾರವಾಡವೂ ಇದ್ದ ಪಟ್ಟಿ

ಈ ಕಥೆ ಮಹಾರಾಷ್ಟ್ರದ್ದಷ್ಟೇ ಅಲ್ಲ. ಮುಂಬೈ ಪ್ರಾಂತ್ಯದ ಅಸೈಲಂಗಳ ವಾರ್ಷಿಕ ವರದಿಗಳನ್ನು ತೆರೆದರೆ ಕೊಲಾಬಾ, ಪುಣೆ, ರತ್ನಾಗಿರಿ, ಅಹಮದಾಬಾದ್, ಸಿಂಧ್‌ನ ಹೈದರಾಬಾದ್ ಜೊತೆಗೆ ಧಾರವಾಡವೂ ಸಿಗುತ್ತದೆ. 1845ರಷ್ಟು ಹಿಂದೆಯೇ ಶುರುವಾದ ಧಾರವಾಡದ ಆ ಆಸ್ಪತ್ರೆಯೇ ಇಂದು ಬೆಳಗಾವಿ ರಸ್ತೆಯಲ್ಲಿರುವ ಡಿಮ್ಹಾನ್ಸ್. 1956ರಲ್ಲಿ ರಾಜ್ಯಗಳ ಗಡಿ ಬದಲಾಗುವವರೆಗೆ ಧಾರವಾಡಕ್ಕೂ ಯರವಡಾಕ್ಕೂ ಆಡಳಿತ ಒಂದೇ, ಕಾನೂನೂ ಒಂದೇ. ಜಗಳದ ಬಾಯಲ್ಲಿ ಪುಣೆಯವರು ‘ಯರವಡಾಕ್ಕೆ ಕಳಿಸಬೇಕು’ ಎಂದರೆ ಉತ್ತರ ಕರ್ನಾಟಕದವರು ‘ಧಾರವಾಡಕ್ಕ ಕಳಸಬೇಕು’ ಅನ್ನುತ್ತಾರೆ.

1858ರ ಅಸೈಲಂ ಕಾಯ್ದೆ, ಅದರ ಬೆನ್ನಿಗೆ 1912ರ ಲುನಸಿ ಕಾಯ್ದೆ ಇವೆರಡೂ ರೋಗಿಯನ್ನು ಒಳಗೆ ಕಳಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರ ಕೈಗೆ ಕೊಟ್ಟವು. ಹೆಚ್ಚಿನವರು ಬಂದದ್ದು ಪೊಲೀಸರ ಜೊತೆ. ಹೊರಗೆ ಹೋಗುವುದಕ್ಕೂ ಸಂದರ್ಶಕ ಮಂಡಳಿಯ ಒಪ್ಪಿಗೆಯಂಥ ಕಾಗದದ ದಾರಿಗಳಿದ್ದವು. 1920ರ ದಶಕದ ಹೊತ್ತಿಗೆ ಅಸೈಲಂಗಳ ಫಲಕದ ಮೇಲೆ ‘ಮೆಂಟಲ್ ಹಾಸ್ಪಿಟಲ್’ ಎಂದು ಬರೆಯಿಸಿದರು. ಕಾನೂನು ಮಾತ್ರ 1912ರದ್ದೇ ಉಳಿಯಿತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ಅಲ್ಲಿಯವರೆಗೆ ಸ್ವತಂತ್ರ ಭಾರತವೂ ಅದೇ ಹಳೆಯ ಕಾಯ್ದೆಯಲ್ಲಿ ದಿನ ದೂಡಿತು.

ಗೋಡೆಯೇ ಮದ್ದು ಎಂದು ನಂಬಿದ ಕಾಲ

19ನೇ ಶತಮಾನದ ಅಸೈಲಂ ಕಟ್ಟಿದವರು ಬರೀ ಕ್ರೂರಿಗಳಾಗಿರಲಿಲ್ಲ. ಊರಿನ ಗದ್ದಲದಿಂದ ದೂರ, ಒಳ್ಳೆಯ ಗಾಳಿ, ಹೊತ್ತಿಗೆ ಸರಿಯಾಗಿ ಊಟ, ಕೈಗೆ ಕೆಲಸ ಇಷ್ಟಿದ್ದರೆ ಕದಡಿದ ಮನಸ್ಸು ತಿಳಿಯಾಗುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಬಲವಾಗಿತ್ತು. ಹಾಗಾಗಿ ವಾಸ್ತುವೇ ಚಿಕಿತ್ಸೆಯಾಯಿತು. ಉದ್ದನೆಯ ವಾರ್ಡು, ಮುಂದೆ ಪಡಸಾಲೆ, ನಡುವೆ ಅಡ್ಡಾಡಲು ಅಂಗಳ, ಆಚೆ ತೋಟ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ವಿಭಾಗ. ರೋಗಿಗಳು ತೋಟದಲ್ಲಿ ದುಡಿದರು, ಬಟ್ಟೆ ನೇಯ್ದರು.

ಈ ನಂಬಿಕೆ ವಸಾಹತು ಆಡಳಿತದ ಜಿಪುಣತನಕ್ಕೆ ಸಿಕ್ಕಿ ರೂಪ ಬದಲಿಸಿತು. ಜೈಲು ಕಟ್ಟಿ ಕೈ ಪಳಗಿದ ಸರ್ಕಾರಕ್ಕೆ ಅಸೈಲಂ ಕಟ್ಟುವಾಗಲೂ ಅದೇ ನಕ್ಷೆ ಸಾಕೆನಿಸಿತು. ಎತ್ತರದ ಪೌಳಿ, ಕಂಬಿ ಕಿಟಕಿ, ರಂಪ ಮಾಡುವವರಿಗೆ ಒಂಟಿ ಕೋಣೆ. ತೋಟದ ಕೆಲಸ ಚಿಕಿತ್ಸೆಗಿಂತ ಹೆಚ್ಚಾಗಿ ಸಂಸ್ಥೆಯ ಖರ್ಚು ಇಳಿಸುವ ದಾರಿಯಾಯಿತು. ಜಾಗ ವಿಶಾಲವಿದ್ದರೂ ಒಳಗೆ ಜನ ಕಿಕ್ಕಿರಿದರು.

ಯರವಡಾದಲ್ಲಿ ಮಂಜೂರಾದ ಹಾಸಿಗೆಗಳು 2,540. ಮಹಾರಾಷ್ಟ್ರದ ಇತರ ಮೂರು ಪ್ರಾದೇಶಿಕ ಆಸ್ಪತ್ರೆಗಳಾದ ಠಾಣೆ, ನಾಗಪುರ, ರತ್ನಾಗಿರಿ ಯಾವುದೂ ಇಷ್ಟು ದೊಡ್ಡದಲ್ಲ. ಈಗ ಒಳಗಿರುವವರು ಅದಕ್ಕಿಂತ ಬಹಳ ಕಡಿಮೆ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಔಷಧ ಬಂದ ಮೇಲೆ ಮನೆಯಲ್ಲಿದ್ದುಕೊಂಡೇ ಗುಣವಾಗುವುದು ಸಾಧ್ಯವಾಯಿತು. ಅದೇ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸಿತು; ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೊಡ್ಡ ಗೋಡೆಗಳ ಅಗತ್ಯ ಹೀಗೆ ಹಂತಹಂತವಾಗಿ ಕಡಿಮೆಯಾಯಿತು.

ಕೋಷ್ಟಕದಲ್ಲಷ್ಟೇ ಉಳಿದವರು

ಆಸ್ಪತ್ರೆಯನ್ನು ಆಳಿದವರ ಮಾತು ಉಳಿದಿದೆ. ಯರವಡಾದ ಸೂಪರಿಂಟೆಂಡೆಂಟ್ ಆಗಿದ್ದ ಡಬ್ಲ್ಯು.ಎಸ್. ಜಾಗೋ ಶಾ 1932ರಲ್ಲಿ ಇಂಗ್ಲೆಂಡಿನ ‘ಜರ್ನಲ್ ಆಫ್ ಮೆಂಟಲ್ ಸೈನ್ಸ್’ನಲ್ಲಿ ಭಾರತದ ಮನೋವೈದ್ಯ ಸೇವೆಯ ಬಗ್ಗೆ ಬರೆದ ಲೇಖನವನ್ನು ಇತಿಹಾಸಕಾರರು ಇಂದಿಗೂ ಓದುತ್ತಾರೆ. ಒಳಗಿದ್ದವರು ಮಾತ್ರ ವರದಿಯ ಕೋಷ್ಟಕಗಳಲ್ಲಿ ಅಂಕಿಯಾಗಿ ಸಿಗುತ್ತಾರೆ. ಬಂದವರೆಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು. ಜಾತಿ ಧರ್ಮ ಯಾವುದು, ಕಸುಬೇನು, ಹುಚ್ಚಿಗೆ ಕಾರಣವೇನು.

ಆ ‘ಕಾರಣ’ದ ಕಾಲಮನ್ನೂ ಪೂರ್ತಿ ನಂಬುವಂತಿಲ್ಲ. 1893–94ರಲ್ಲಿ ಬ್ರಿಟಿಷ್ ಸರ್ಕಾರವೇ ನೇಮಿಸಿದ ಗಾಂಜಾ ಆಯೋಗ ಅಸೈಲಂಗಳ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿತು. ‘ಗಾಂಜಾದಿಂದ ಹುಚ್ಚು’ ಎಂದು ಬರೆದ ಎಷ್ಟೋ ಪ್ರಕರಣಗಳಿಗೆ ಆಧಾರವೇ ಇರಲಿಲ್ಲ. ರೋಗಿಯ ಹಿನ್ನೆಲೆ ಗೊತ್ತಿರದ ಪೊಲೀಸರು ಅರ್ಜಿ ತುಂಬಲು ಏನಾದರೊಂದು ಬರೆಯಬೇಕಿತ್ತು, ಬರೆದಿದ್ದರು. ಅಸೈಲಂನ ಹಳೆಯ ದಾಖಲೆ ಓದುವವರು ಇಂಥ ಸುಳ್ಳನ್ನೂ ಜರಡಿ ಹಿಡಿಯಬೇಕು.

ಹಾಗೆ ಓದುವ ಕೆಲಸ ನಮ್ಮಲ್ಲಿ ನಡೆದಿದೆ. 1847ರಲ್ಲಿ ಬೆಂಗಳೂರಿನ ಪೇಟೆಯಲ್ಲಿ ಶುರುವಾದ ಅಸೈಲಂ 1937ರಲ್ಲಿ ಲಕ್ಕಸಂದ್ರದ ಹೊಸ ಕಟ್ಟಡಕ್ಕೆ ಹೋಯಿತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ಡಾ. ಸಂಜೀವ್ ಜೈನ್, ಡಾ. ಪ್ರತಿಮಾ ಮೂರ್ತಿ ಮುಂತಾದವರು 19ನೇ ಶತಮಾನದ ಕಡತಗಳವರೆಗೆ ಹೋಗಿ ರೋಗಿಗಳ ಬದುಕನ್ನು ಎತ್ತಿ ಬರೆದಿದ್ದಾರೆ. ಕಲ್ಲುಕಟ್ಟಡದಷ್ಟೇ ಬೆಲೆ ಗೆದ್ದಲು ಹಿಡಿಯುವ ರಿಜಿಸ್ಟರುಗಳಿಗೂ ಇದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಗುತ್ತದೆ.

ಕಾನೂನು ಖಾಲಿ ಮಾಡಿದ ಕೋಣೆಗಳು

1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದೇಶದ 37 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿ ಪ್ರಕಟಿಸಿತು. ಸಮೀಕ್ಷೆ ನಡೆಸಿದ್ದು ನಿಮ್ಹಾನ್ಸ್, ಮುಂದೆ ನಿಂತವರು ಡಾ. ಎಸ್.ಎಂ. ಚನ್ನಬಸವಣ್ಣ. ಶೇ 38ರಷ್ಟು ಆಸ್ಪತ್ರೆಗಳು ಕಟ್ಟಿದ ದಿನದ ಜೈಲಿನ ರೂಪವನ್ನೇ ಉಳಿಸಿಕೊಂಡಿವೆ ಎಂದಿತು ವರದಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ರೂಪದ ಬುಡಕ್ಕೇ ಕೈ ಹಾಕಿತು. ರೋಗಿಯನ್ನು ಒಂಟಿ ಕೋಣೆಯಲ್ಲಿ ಕೂಡಿಡುವಂತಿಲ್ಲ, ಸರಪಳಿ ಹಾಕುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ತೊಡಿಸುವಂತಿಲ್ಲ. ಕೆಲಸ ಮಾಡಿಸಿದರೆ ಕೂಲಿ ಕೊಡಬೇಕು. ಮನೆಯವರು ಕರೆದೊಯ್ಯಲಿಲ್ಲ, ಇರಲು ಮನೆಯಿಲ್ಲ ಎಂಬಷ್ಟಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಳೆಯ ಅಸೈಲಂ ಅನ್ನು ಯಾವುದಕ್ಕಾಗಿ ಕಟ್ಟಲಾಗಿತ್ತೋ ಅದರ ಬಹುಪಾಲು ಇಂದು ಕಾನೂನಿಗೆ ವಿರುದ್ಧ. ಒಂಟಿ ಕೋಣೆಗಳ ಸಾಲು ಒಂದು ಕಾಯ್ದೆಯಿಂದ ನಿರುಪಯುಕ್ತವಾಯಿತು. ಮರುಬಳಕೆಯ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಹೊರಗಿನ ಒತ್ತಡವೂ ಇದೆ. ಊರಾಚೆ ಇದ್ದ ಆಸ್ಪತ್ರೆಗಳನ್ನು ಊರು ಬೆಳೆದು ಸುತ್ತುವರಿದಿದೆ, ನೆಲಕ್ಕೆ ಚಿನ್ನದ ಬೆಲೆ. ಠಾಣೆಯಲ್ಲಿ ಮುಲುಂಡ್ ಕಡೆಯ ಹೊಸ ರೈಲು ನಿಲ್ದಾಣಕ್ಕೆ ಗುರುತಿಸಿದ್ದು ಮಾನಸಿಕ ಆಸ್ಪತ್ರೆಯ ಜಾಗವನ್ನೇ.

ಲಂಡನ್, ಟ್ರಿಯೆಸ್ಟ್, ವಿಲ್ಲರ್ಡ್

ಇಂಥ ಕಟ್ಟಡಗಳನ್ನು ಬೇರೆ ದೇಶಗಳಲ್ಲಿ ಏನು ಮಾಡಿದರು? ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆ 1815ರಿಂದ ಇದ್ದ ಕಟ್ಟಡವನ್ನು 1930ರಲ್ಲಿ ಬಿಟ್ಟು ಹೊರಟಿತು. ಎರಡೂ ಬದಿಯ ರೆಕ್ಕೆಗಳನ್ನು ಕೆಡವಿ ನಡುವಿನ ಭಾಗ ಉಳಿಸಿಕೊಂಡರು. 1936ರಲ್ಲಿ ಅಲ್ಲಿಗೆ ಇಂಪೀರಿಯಲ್ ವಾರ್ ಮ್ಯೂಸಿಯಂ ಬಂತು. ಅಲ್ಲಿ ಈಗ ಟ್ಯಾಂಕು, ವಿಮಾನ ನೋಡುವವರಲ್ಲಿ ಎಷ್ಟೋ ಜನಕ್ಕೆ ಕೆಡವಿದ ವಾರ್ಡುಗಳ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ಕಟ್ಟಡ ಉಳಿಯಿತು, ಅದರ ಕಥೆ ಹಿಂದೆ ಸರಿಯಿತು.

ಇಟಲಿಯ ಟ್ರಿಯೆಸ್ಟ್‌ದು ಇದಕ್ಕೆ ವಿರುದ್ಧ ಕ್ರಮ. 1971ರಲ್ಲಿ ಸಾನ್ ಜೊವಾನ್ನಿ ಆಸ್ಪತ್ರೆಯ ನಿರ್ದೇಶಕರಾಗಿ ಬಂದ ಫ್ರಾಂಕೊ ಬಸಾಲಿಯಾ ಮೊದಲು ಯೋಚಿಸಿದ್ದು ಒಳಗಿದ್ದ ಸುಮಾರು 1,200 ಜನರ ಬಗ್ಗೆ. ಊರಲ್ಲಿ ಮನೆ, ಸಹಕಾರಿ ಸಂಘಗಳಲ್ಲಿ ಸಂಬಳದ ಕೆಲಸ, ಬಡಾವಣೆಗಳಲ್ಲಿ ಚಿಕಿತ್ಸಾ ಕೇಂದ್ರ. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ ದೊಡ್ಡದೊಂದು ನೀಲಿ ಕುದುರೆ ಮಾಡಿದರು. ಹೊರಗೆ ಮೆರವಣಿಗೆ ಹೊರಡಿಸಲು ನೋಡಿದರೆ ಬಾಗಿಲು ಸಾಲಲಿಲ್ಲ, ಒಡೆದು ದಾರಿ ಮಾಡಿದರು. 1978ರಲ್ಲಿ ಇಟಲಿ ಅಸೈಲಂಗಳನ್ನು ಮುಚ್ಚುವ ಕಾನೂನೇ ತಂದಿತು. ಆ ಆವರಣ ಇಂದು ಗುಲಾಬಿ ತೋಟವಿರುವ ಸಾರ್ವಜನಿಕ ಉದ್ಯಾನ. ವಿಶ್ವವಿದ್ಯಾಲಯದ ವಿಭಾಗಗಳೂ ಅಲ್ಲಿವೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅಟ್ಟದ ಮೇಲೆ ನಾನೂರರಷ್ಟು ಸೂಟ್‌ಕೇಸುಗಳು ಸಿಕ್ಕವು. ದಾಖಲಾದ ದಿನ ರೋಗಿಗಳು ತಂದವು, ಮತ್ತೆ ಅವರ ಕೈ ಸೇರದವು. 2004ರಲ್ಲಿ ಅವನ್ನು ಪ್ರದರ್ಶನಕ್ಕಿಟ್ಟಾಗ ಅಂಕಿಯಾಗಿದ್ದವರು ಮತ್ತೆ ಮನುಷ್ಯರಾಗಿ ಕಂಡರು.

ಪುಣೆಯ ದನಿಗಳು

ಕೂಡಿಹಾಕುವುದರ ವಿರುದ್ಧದ ಮಾತು ಪುಣೆಗೆ ಹೊಸದಲ್ಲ. ಭಾರ್ಗವಿ ದಾವರ್ 1999ರಲ್ಲಿ ಅಲ್ಲಿ ಬಾಪು ಟ್ರಸ್ಟ್ ಕಟ್ಟಿದರು. ಬಾಪು ಎಂದರೆ ಅವರ ತಾಯಿ. ತಾಯಿ ಮಾನಸಿಕ ಆಸ್ಪತ್ರೆಗಳಲ್ಲಿ ಪಟ್ಟ ಪಾಡನ್ನು ಬಾಲ್ಯದಲ್ಲೇ ಕಂಡ ಭಾರ್ಗವಿ, 2024ರಲ್ಲಿ ತೀರಿಕೊಳ್ಳುವವರೆಗೂ ಕೂಡಿಹಾಕುವ ಚಿಕಿತ್ಸೆಯ ವಿರುದ್ಧ ಬರೆದರು, ವಾದಿಸಿದರು. ಅವರ ಟ್ರಸ್ಟ್ ಪುಣೆಯ ಬಡ ಬಸ್ತಿಗಳಲ್ಲೇ ಮಾನಸಿಕ ಆರೈಕೆಯ ಕೆಲಸ ಕಟ್ಟಿತು. ಪುಣೆಯ ಸುಮಿತ್ರಾ ಭಾವೆ, ಸುನಿಲ್ ಸುಕ್ಥಣಕರ್ ಜೋಡಿ 2004ರಲ್ಲಿ ತಂದ ‘ದೇವರಾಯಿ’ ಚಿತ್ರ ಸ್ಕಿಜೋಫ್ರೇನಿಯಾ ಇರುವವನೊಬ್ಬನ ಮನೆಯ ಕಥೆ. ಆ ಪಾತ್ರ ಮಾಡಿದವರು ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. ಆಸ್ಪತ್ರೆಯ ಗೋಡೆಯ ಬದಲು ಒಡಹುಟ್ಟಿದವರ ಸಂಬಂಧವನ್ನು ನಡುವೆ ಇಟ್ಟದ್ದೇ ಅದರ ಹೆಚ್ಚುಗಾರಿಕೆ.

ಯರವಡಾದಂಥ ಆವರಣಕ್ಕೆ ಟ್ರಿಯೆಸ್ಟ್‌ನ ಕ್ರಮವೇ ಸರಿ: ಮೊದಲು ಜನ, ಆಮೇಲೆ ಕಟ್ಟಡ. ಗುಣವಾಗಿಯೂ ಹೋಗಲು ಮನೆಯಿಲ್ಲದವರಿಗೆ ಊರೊಳಗೆ ಮನೆ ಬೇಕು. ಚೆನ್ನೈನ ‘ದ ಬ್ಯಾನಿಯನ್’ ಸಂಸ್ಥೆ ಸಾಮಾನ್ಯ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕೈದು ಜನ ಒಟ್ಟಿಗೆ ಬಾಳುವಂತೆ ಮಾಡಿ ತೋರಿಸಿದೆ. ಹಾಗೆ ತೆರವಾಗುವ ವಾರ್ಡುಗಳಲ್ಲಿ ಹಗಲು ಆರೈಕೆ ಕೇಂದ್ರ, ಕೂಲಿ ಸಿಗುವ ಕಸುಬಿನ ಶಾಲೆ, ನರ್ಸಿಂಗ್ ಮತ್ತು ಆಪ್ತಸಮಾಲೋಚನೆಯ ತರಬೇತಿ ಇವೆಲ್ಲ ನಡೆಯಬಹುದು. ಒಂಟಿ ಕೋಣೆಗಳಲ್ಲಿ ಒಂದೆರಡನ್ನು ಇದ್ದಂತೆ ಉಳಿಸಲಿ, ಉಳಿದವುಗಳ ಗೋಡೆ ಒಡೆದು ಬೆಳಕು ಬಿಡಲಿ. ಹಳೆಯ ರಿಜಿಸ್ಟರುಗಳನ್ನು, ರೋಗಿಗಳ ಗುರುತಿನ ಗುಟ್ಟು ಕಾಯ್ದುಕೊಂಡು, ಪತ್ರಾಗಾರಕ್ಕೆ ಸೇರಿಸಲಿ. ಹೆಸರಿಲ್ಲದವರಿಗೆ ಸಲ್ಲುವ ಸ್ಮಾರಕ ಅಷ್ಟು ಮಾಡಿದರೂ ಆದೀತು.

ಇದನ್ನೆಲ್ಲ ತೀರ್ಮಾನಿಸುವವರು ಯಾರು ಎಂಬುದು ಕೊನೆಯ ಪ್ರಶ್ನೆ. ಹಳೆಯ ಕಟ್ಟಡದ ಮಾತು ಬಂದಾಗ ವಾಸ್ತುಶಿಲ್ಪಿ, ಲೋಕೋಪಯೋಗಿ ಇಲಾಖೆ, ವೈದ್ಯರು, ಪರಂಪರೆ ಸಮಿತಿಯವರು ಕೂಡುತ್ತಾರೆ. 2017ರ ಕಾಯ್ದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಮನೋರೋಗ ಅನುಭವಿಸಿದವರ ಪ್ರತಿನಿಧಿಗಳಿಗೆ ಸದಸ್ಯತ್ವ ಕೊಟ್ಟಿದೆ. ಯರವಡಾ ಇರಲಿ, ಧಾರವಾಡ ಇರಲಿ, ಯಾವ ಗೋಡೆ ಉಳಿಯಬೇಕು, ಯಾವುದು ಬೀಳಬೇಕು ಎಂದು ನಿರ್ಧರಿಸುವ ಸಭೆಗಳಿಗೂ ಅದೇ ನಿಯಮ ಬರಬೇಕು. ಆ ಗೋಡೆಗಳನ್ನು ಒಳಗಿನಿಂದ ಕಂಡವರು ಅವರೇ.