ಹಲ್ಲಿನ ಹಳದಿಯಲ್ಲಿ ಎಷ್ಟು ಬಗೆ?

ಕೊಳ್ಳೇಗಾಲದ ಕಡೆ ಮಿಶ್ರತಳಿ ರೇಷ್ಮೆಗೂಡು ಕಂಡವರಿಗೆ ಅದರ ಹಳದಿ ಗೊತ್ತು. ಬಿಚ್ಚಿದ ನೂಲನ್ನು ಸೋಪು, ಸೋಡದ ನೀರಿನಲ್ಲಿ ಕುದಿಸಿ ಅಂಟು ಬಿಡಿಸಿದರೆ ಆ ಹಳದಿಯ ಬಹುಪಾಲು ಅಂಟಿನ ಜೊತೆಗೇ ಹೋಗುತ್ತದೆ. ಇನ್ನೂ ಅಚ್ಚ ಬಿಳುಪು ಬೇಕೆಂದರೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ನಡೆಯುವುದೂ ಹೆಚ್ಚುಕಡಿಮೆ ಇದೇ ಎರಡು ಕೆಲಸ. ಮೊದಲನೆಯದು ಸ್ಕೇಲಿಂಗ್, ಎರಡನೆಯದು ಬ್ಲೀಚಿಂಗ್. ಔಷಧಿಯೂ ಅದೇ ಪೆರಾಕ್ಸೈಡು. ಎರಡನ್ನೂ ಒಂದೇ ಎಂದುಕೊಂಡವರು ‘ಕ್ಲೀನ್ ಮಾಡಿಸಿದೆ, ಬೆಳ್ಳಗಾಗಲೇ ಇಲ್ಲ’ ಎಂದು ದೂರುತ್ತಾರೆ.

ನಮ್ಮ ಕಡೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ಮಾತು, ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವುದು. ಹಲ್ಲು ಸಡಿಲವಾಗಿರುವುದು ಅದಕ್ಕೂ ಮೊದಲೇ. ವರ್ಷಗಟ್ಟಲೆ ಕಟ್ಟಿದ ಪಾಚಿ ಕಲ್ಲಾಗಿ, ವಸಡು ಊದಿ, ಒಳಗಿನ ಮೂಳೆ ಕರಗಿರುತ್ತದೆ. ಆ ಕಲ್ಲೇ ಹಲ್ಲುಗಳ ನಡುವೆ ಗಾರೆಯಂತೆ ನಿಂತು ಅಲುಗಾಟವನ್ನು ಮುಚ್ಚಿಟ್ಟಿರುತ್ತದೆ. ಅದನ್ನು ತೆಗೆದಾಗ ನಾಲಿಗೆಗೆ ಸಂದು ಸಿಗುತ್ತದೆ, ತಪ್ಪು ಡಾಕ್ಟರ ತಲೆಗೆ ಬರುತ್ತದೆ! ಎಲೆ, ಅಡಿಕೆ, ಸುಣ್ಣ ಮೆಲ್ಲುವವರ ಹಲ್ಲಿನ ಕೆಂಗಪ್ಪು ಕರೆಯೂ ಮೇಲಿನದೇ. ಅಡಿಕೆಯ ಒಗರು ಸುಣ್ಣದ ಜೊತೆ ಸೇರಿ ಕೆಂಪಾಗಿ, ದಿನದಿನಕ್ಕೆ ಕಪ್ಪಾಗಿ ಅಂಟುತ್ತದೆ. ಇದಕ್ಕೆ ಸ್ಕೇಲಿಂಗ್ ಸಾಕು, ಬ್ಲೀಚಿಂಗಿಗೆ ದುಡ್ಡು ಸುರಿಯಬೇಕಿಲ್ಲ.

ಹಳದಿ ಹಲ್ಲು ಎಂದರೆ ಕೊಳಕು ಹಲ್ಲು ಎನ್ನುವುದೂ ಪೂರ್ತಿ ನಿಜವಲ್ಲ. ಹಲ್ಲಿನ ಹೊರಪದರ ಎನಾಮಲ್ ಅರೆಪಾರದರ್ಶಕ. ಅದರಡಿಯ ಡೆಂಟಿನ್ ಹುಟ್ಟಿನಿಂದಲೇ ಹಳದಿ. ಎನಾಮಲ್ ಸವೆದಷ್ಟೂ ಒಳಗಿನ ಹಳದಿ ಹೊರಗೆ ಕಾಣುತ್ತದೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಕೆಮ್ಮಣ್ಣು ಬೆರೆತ ಕೆಂಪು ಹಲ್ಲುಪುಡಿಯಲ್ಲಿ ತಿಕ್ಕಿದರೆ ಮೊದಲ ವಾರ ಬೆಳ್ಳಗೆ ಕಾಣುವುದು ಹೌದು, ಮೇಲಿನ ಕರೆ ಉದುರಿರುತ್ತದೆ. ಆಮೇಲೆ ಉದುರುವುದು ಹಲ್ಲೇ. ನಿಂಬೆಹಣ್ಣು ಉಜ್ಜುವುದು ಇನ್ನೂ ಕೆಟ್ಟದ್ದು, ಹುಳಿ ಎನಾಮಲ್ಲನ್ನು ಮೆತ್ತಗಾಗಿಸುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಹೊಗೆಸೊಪ್ಪಿನ ಪುಡಿಯಲ್ಲೇ ಹಲ್ಲುಜ್ಜಿದರೆ ಸಮಾಧಾನ ಎನ್ನುವ ಹಿರಿಯರಿದ್ದಾರೆ.

ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಕಂಡರೆ ‘ಸರಿಯಾಗಿ ಉಜ್ಜಲ್ಲ’ ಎಂದು ಗದರುವುದುಂಟು. ಎಷ್ಟೋ ಸಲ ತಪ್ಪು ಮಗುವಿನದಲ್ಲ, ನೀರಿನದು. ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ಜಿಲ್ಲೆಗಳಲ್ಲಿ ಚಾಮರಾಜನಗರವೂ ಒಂದು. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ, ಅಂದರೆ ಎಂಟು ವರ್ಷದೊಳಗೆ, ಕುಡಿದ ನೀರು ಈ ಗುರುತು ಬಿಡುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ನೀರನ್ನು ಕುದಿಸಿ ಕುಡಿದರೆ ಸರಿ ಎನ್ನುತ್ತಾರೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಹನೂರಿನಂಥ ಕಡೆ ಬೋರ್‌ವೆಲ್ ನೀರನ್ನೇ ನಂಬಿದ ಮನೆಯವರು ಮೊದಲು ನೀರು ಪರೀಕ್ಷೆ ಮಾಡಿಸಬೇಕು. ಫ್ಲೋರೈಡ್ ಹೆಚ್ಚಿದ್ದರೆ ಆರ್‌ಓ ಘಟಕದ ನೀರು ವಾಸಿ. ಬ್ಲೀಚಿಂಗ್ ಮಾಡಿದರೆ ಸುತ್ತಲಿನ ಹಲ್ಲೂ ಬೆಳ್ಳಗಾಗಿ ತೆಳು ಮಚ್ಚೆ ಎದ್ದು ಕಾಣುವುದು ತಪ್ಪಬಹುದು. ಗಾಢ ಕಂದಿಗೆ ಮೇಲ್ಪದರವನ್ನು ತುಸುವೇ ಉಜ್ಜಿ ತೆಗೆಯುವ, ಇಲ್ಲವೇ ರೆಸಿನ್ ಹೊದಿಸುವ ಬೇರೆ ಚಿಕಿತ್ಸೆಗಳಿವೆ.

ಇನ್ನು ನಿಜವಾದ ಬ್ಲೀಚಿಂಗ್. ಕ್ಲಿನಿಕ್ಕಿನಲ್ಲಿ ವಸಡಿಗೆ ರಕ್ಷಣೆ ಕಟ್ಟಿ ಶೇ. 25ರಿಂದ 40ರಷ್ಟು ಪೆರಾಕ್ಸೈಡ್ ಹಚ್ಚುತ್ತಾರೆ, ಸುಮಾರು ಒಂದು ಗಂಟೆಯ ಕೆಲಸ. ಮನೆಯದಕ್ಕೆ ಹಲ್ಲಿನ ಅಚ್ಚು ತೆಗೆದು ಟ್ರೇ ಮಾಡಿಕೊಡುತ್ತಾರೆ, ಅದರಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಹಾಕಿ ಎರಡು ವಾರ ರಾತ್ರಿ ಕಚ್ಚಿಕೊಂಡು ಮಲಗಬೇಕು. ಅದು ಶೇ. 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡಿಗೆ ಸಮ. ಅಮೆರಿಕದ ಹೇವುಡ್ ಮತ್ತು ಹೇಮನ್ 1989ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಕೊನೆಗೆ ಸಿಗುವ ಬಣ್ಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಬೇಗ ಮುಗಿಯುವುದಷ್ಟೇ ವ್ಯತ್ಯಾಸ. ನೀಲಿ ದೀಪ ಬಹುಮಟ್ಟಿಗೆ ತೋರಿಕೆ. ಕೆಲದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ, ಆಮೇಲೆ ಹೋಗುತ್ತದೆ. ಬಿಳುಪು ಶಾಶ್ವತವಲ್ಲ, ಕಾಫಿ, ಬೀಡಿ, ಎಲೆಅಡಿಕೆ ಮುಂದುವರಿದರೆ ಇನ್ನೂ ಬೇಗ ಮಂಕಾಗುತ್ತದೆ. ಬಸುರಿಯರಿಗೆ, ಹದಿನೆಂಟು ತುಂಬದವರಿಗೆ ಬೇಡ. ಹುಳುಕು ಇದ್ದರೆ ಮೊದಲು ಅದಕ್ಕೆ ಮದ್ದಾಗಬೇಕು.

ಕ್ಯಾಪ್, ಹಲ್ಲಿನಲ್ಲಿ ತುಂಬಿದ ಸಿಮೆಂಟ್ ಬಿಳುಪಾಗುವುದಿಲ್ಲ. ಮುಂದಿನ ಹಲ್ಲಿಗೆ ಹೊಸ ಕ್ಯಾಪ್ ಹಾಕಿಸುವ ಯೋಚನೆ ಇದ್ದರೆ ಮೊದಲು ಬ್ಲೀಚಿಂಗ್ ಮಾಡಿಸಿ, ಎರಡು ವಾರ ಬಿಟ್ಟು, ಆಗಿನ ಬಣ್ಣಕ್ಕೆ ಕ್ಯಾಪ್ ಹೊಂದಿಸಬೇಕು. ಇನ್ನು ಹಿಂದೆಂದೋ ಬಿದ್ದು ಪೆಟ್ಟಾದ ಒಂದೇ ಹಲ್ಲು ಕಪ್ಪಾಗಿದ್ದರೆ ಒಳಗಿನ ನರ ಸತ್ತಿರಬಹುದು. ಅದಕ್ಕೆ ಮೊದಲು ಎಕ್ಸ್‌ರೇ, ಬೇಕಾದರೆ ಬೇರುನಾಳ ಚಿಕಿತ್ಸೆ, ಆಮೇಲೆ ಹಲ್ಲಿನ ಒಳಗಿನಿಂದಲೇ ಬ್ಲೀಚಿಂಗ್.