ಹೈಬ್ರಿಡ್ ತರಕಾರಿಯ ಬೀಜ ಮೊಳೆಯುವುದೇ ಇಲ್ಲವೇ? ಕೈತೋಟಕ್ಕೆ ಬಿತ್ತುವ ಮುನ್ನ ಇದನ್ನು ಓದಿ

ಹರಿದಾಡುತ್ತಿರುವ ಹೇಳಿಕೆ: ಅಂಗಡಿಯ ಹೈಬ್ರಿಡ್ ತರಕಾರಿಗಳೆಲ್ಲ ಬಂಜೆ. ಮತ್ತೆ ಬಿತ್ತಬಾರದೆಂದು ಕಂಪನಿಗಳು ಬೀಜವನ್ನೇ ಸಾಯಿಸಿರುತ್ತವೆ. ಅದರ ಬೀಜ ಮೊಳೆಯುವುದಿಲ್ಲ.

ಚಿಕ್ಕ ಉತ್ತರ: ಸುಳ್ಳು. ಬಲಿತ ಹೈಬ್ರಿಡ್ ಕಾಯಿಯ ಬೀಜ ಸಾಮಾನ್ಯವಾಗಿ ಮೊಳೆಯುತ್ತದೆ. ಆದರೆ ಅದರಿಂದ ಬರುವ ಕಾಯಿ ತಾಯಿಗಿಡದ ಕಾಯಿಯಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಸೋರೆ, ಸೌತೆ, ಹೀರೆಯಂಥ ಬಳ್ಳಿಗಳಲ್ಲಿ ಮಾತ್ರ ಒಂದು ನಿಜವಾದ ಅಪಾಯವಿದೆ. ಅದರ ಬಗ್ಗೆ ಆ ಫಾರ್ವರ್ಡ್ ಏನನ್ನೂ ಹೇಳುವುದಿಲ್ಲ.

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಈ ಸಂದೇಶ ಬಂದಿತ್ತು. ಅದನ್ನು ಓದಿದ ದೊಡ್ಡಮ್ಮ, ಡಬ್ಬಿಯಲ್ಲಿ ಕಟ್ಟಿಟ್ಟಿದ್ದ ಟೊಮೆಟೊ, ಕುಂಬಳದ ಬೀಜಗಳನ್ನೆಲ್ಲ ಕಸಕ್ಕೆ ಹಾಕಿಬಿಟ್ಟರು. ನಾನು ಫೋನ್ ಮಾಡಿದಾಗ, "ಹೋದ ವರ್ಷ ಅಂಗಡಿ ಬೆಂಡೆಕಾಯಿ ಬೀಜ ಹಾಕಿದ್ದೆ ಕಣೇ, ಒಂದೂ ಹುಟ್ಟಲಿಲ್ಲ. ಮೆಸೇಜು ನಿಜಾನೇ ಇರಬೇಕು" ಎಂದರು. ಈ ಸಂದೇಶವನ್ನು ಇಷ್ಟೊಂದು ಜನ ನಂಬುವುದಕ್ಕೆ ಇಂಥ ಅನುಭವಗಳೇ ಕಾರಣ. ಹಾಗಾಗಿ ಮೊದಲು ಅದನ್ನೇ ನೋಡೋಣ.

ದೊಡ್ಡಮ್ಮನ ಬೆಂಡೆ ಏಕೆ ಹುಟ್ಟಲಿಲ್ಲ?

ನಾವು ಬೆಂಡೆಕಾಯಿಯನ್ನು ಎಳೆಯದಿದ್ದಾಗಲೇ ಕೊಳ್ಳುತ್ತೇವೆ. ಸೌತೆ, ಹೀರೆ, ಸೋರೆ, ಹುರುಳಿಕಾಯಿ, ಬದನೆಯೂ ಅಷ್ಟೇ. ಆ ಹಂತದಲ್ಲಿ ಒಳಗಿನ ಬೀಜ ಇನ್ನೂ ಬಲಿತಿರುವುದಿಲ್ಲ. ನಾಟಿ ಬೆಂಡೆಯಾದರೂ ಎಳೆಯ ಕಾಯಿಯ ಬೀಜ ಹುಟ್ಟುವುದಿಲ್ಲ. ಬೀಜಕ್ಕೆಂದು ಬಿಟ್ಟ ಬೆಂಡೆ ಗಿಡದಲ್ಲೇ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಬಿರಿಯುವ ಹಾಗಾಗಬೇಕು. ಸೌತೆ ಬಳ್ಳಿಯಲ್ಲೇ ಹಣ್ಣಾಗಬೇಕು.

ಟೊಮೆಟೊ, ಕೆಂಪಾದ ಮೆಣಸಿನಕಾಯಿ, ಸಿಹಿಗುಂಬಳದ ವಿಷಯ ಬೇರೆ. ಇವು ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೇ ಬಲಿತಿರುತ್ತವೆ. ತಿಪ್ಪೆಯ ಮೇಲೆ ಯಾರೂ ಬಿತ್ತದ ಟೊಮೆಟೊ ಗಿಡ ಎದ್ದಿರುವುದನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಎಷ್ಟೋ ಗಿಡಗಳು ಅಂಗಡಿಯ ಹೈಬ್ರಿಡ್ ಹಣ್ಣಿನಿಂದಲೇ ಬಂದವು.

ಹೈಬ್ರಿಡ್ ಎಂದರೇನು?

ಹೈಬ್ರಿಡ್ ಎಂದರೆ ಒಂದೇ ಬೆಳೆಯ ಎರಡು ಬೇರೆ ಬೇರೆ ತಳಿಗಳ ಮಗು. ಒಂದರಲ್ಲಿ ಇಳುವರಿ ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ರೋಗ ತಡೆಯುವ ಗುಣವಿರುತ್ತದೆ ಎಂದುಕೊಳ್ಳಿ. ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿದರೆ ಹೈಬ್ರಿಡ್ ಬೀಜ ಸಿಗುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಮುತ್ತ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಟೊಮೆಟೊ, ಮೆಣಸಿನ ಮೊಗ್ಗು ಬಿಡಿಸಿ, ಗಂಡು ಭಾಗ ತೆಗೆದು, ಪರಾಗವನ್ನು ಕೈಯಾರೆ ಹಚ್ಚುತ್ತಾರೆ. ಪ್ಯಾಕೆಟ್ಟಿನ ಬೆಲೆ ಹೆಚ್ಚಿರುವುದಕ್ಕೆ ಈ ಶ್ರಮವೂ ಒಂದು ಕಾರಣ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ಇಂಥದ್ದೇ ಒಂದು ಹೈಬ್ರಿಡ್.

ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ರೀತಿ ಇರುತ್ತವೆ. ಅವುಗಳ ಬೀಜ ಬಿತ್ತಿದಾಗ ಮಾತ್ರ ತಾತ, ಅಜ್ಜಿಯ ಗುಣಗಳು ಹಂಚಿಹೋಗುತ್ತವೆ. ಒಂದು ಗಿಡದ ಹಣ್ಣು ದೊಡ್ಡದು, ಇನ್ನೊಂದರದ್ದು ಗೋಲಿಯಷ್ಟು, ಮತ್ತೊಂದಕ್ಕೆ ಬೇಗ ರೋಗ. ಸಾಲ ಮಾಡಿ ಎಕರೆಗಟ್ಟಲೆ ಹಾಕುವ ರೈತರಿಗೆ ಇದು ನಷ್ಟ, ಅದಕ್ಕೇ ಅವರು ಪ್ರತಿ ಬಾರಿ ಹೊಸ ಬೀಜ ಕೊಳ್ಳುತ್ತಾರೆ. ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ.

ಬೀಜವಿಲ್ಲದ ಕಲ್ಲಂಗಡಿಯಂಥ ಕೆಲವು ಹಣ್ಣುಗಳು ನಿಜಕ್ಕೂ ಬಂಜೆ. ಅವು ಅಪವಾದ.

'ಸಾಯಿಸಿದ ಬೀಜ'ದ ಕಥೆ ಬಂದದ್ದೆಲ್ಲಿಂದ?

ಇದು ಪೂರ್ತಿ ಕಟ್ಟುಕತೆಯಲ್ಲ. ಎರಡನೇ ತಲೆಮಾರಿನ ಬೀಜ ಮೊಳೆಯದಂತೆ ಮಾಡುವ ತಂತ್ರಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಜನ ಅದನ್ನು 'ಟರ್ಮಿನೇಟರ್ ಬೀಜ' ಎಂದು ಕರೆದರು. ಅದೇ ವರ್ಷದ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘ, ರಾಯಚೂರು ಭಾಗದಲ್ಲಿ ಪ್ರಯೋಗಕ್ಕೆ ಹಾಕಿದ್ದ ಕುಲಾಂತರಿ ಹತ್ತಿಗೆ ಬೆಂಕಿ ಹಚ್ಚಿತು. ಆಗಿನ ಆತಂಕವೇ ಇಂದಿಗೂ ಫಾರ್ವರ್ಡ್ ಆಗಿ ಸುತ್ತುತ್ತಿದೆ.

ಆದರೆ ಆ ತಂತ್ರ ಮಾರುಕಟ್ಟೆಗೆ ಬರಲೇ ಇಲ್ಲ. ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇಂಥ ತಂತ್ರವಿರುವ ತಳಿಗಳ ನೋಂದಣಿಗೆ ಅವಕಾಶ ಕೊಡುವುದಿಲ್ಲ. ಬೀಜ ಉಳಿಸಿ, ಬಿತ್ತಿ, ಹಂಚಿಕೊಳ್ಳುವ ರೈತರ ಹಕ್ಕನ್ನೂ ಅದೇ ಕಾಯ್ದೆ ಕಾಪಾಡುತ್ತದೆ. ನಮ್ಮ ದೇಶದಲ್ಲಿ ವಾಣಿಜ್ಯ ಬೇಸಾಯಕ್ಕೆ ಬಂದಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಮಾತ್ರ, ಅದು 2002ರಲ್ಲಿ. ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ.

ಪ್ಯಾಕೆಟ್ಟಿನ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣವಿದ್ದರೆ ಅದು ಕುಲಾಂತರಿಯ ಗುರುತಲ್ಲ. ಸಾಮಾನ್ಯವಾಗಿ ಅದು ಬೂಷ್ಟು ತಡೆಯುವ ಔಷಧದ ಲೇಪ. ತಿನ್ನಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಬಿತ್ತಿದ ಮೇಲೆ ಕೈ ತೊಳೆಯಿರಿ.

ನಿಜವಾದ ಅಪಾಯ: ಕಹಿ ಸೋರೆ

ಸೋರೆ, ಸೌತೆ, ಹೀರೆ, ಕುಂಬಳದ ಹೂಗಳಿಗೆ ಪರಾಗ ತರುವುದು ಜೇನ್ನೊಣದಂಥ ಕೀಟಗಳು. ಅವು ಬೇಲಿಯ ಮೇಲಿನ ಕಾಡು ಕಹಿ ಸೋರೆಯ ಪರಾಗವನ್ನೂ ನಿಮ್ಮ ಸೋರೆಗೆ ತರಬಹುದು. ಆ ವರ್ಷದ ಕಾಯಿಯ ರುಚಿ ಕೆಡುವುದಿಲ್ಲ, ಏಕೆಂದರೆ ತಿರುಳು ತಾಯಿಬಳ್ಳಿಯದ್ದೇ. ಬೆರಕೆಯಾಗುವುದು ಒಳಗಿನ ಬೀಜ. ಆ ಬೀಜವನ್ನು ಮುಂದಿನ ವರ್ಷ ಬಿತ್ತಿದರೆ ಕಹಿ ಕಾಯಿ ಬರಬಹುದು.

ಈ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಹೆಚ್ಚು ಸೇವಿಸಿದವರಿಗೆ ರಕ್ತವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಸೋರೆಕಾಯಿ ರಸ ಕುಡಿದು ಜನ ಸತ್ತ ವರದಿಗಳು ಬಂದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿತು. 2012ರಲ್ಲಿ ಪ್ರಕಟವಾದ ಅದರ ಸಲಹೆ ಇಷ್ಟೇ: ಮೊದಲು ಸಣ್ಣ ಚೂರು ರುಚಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಬಿಸಾಡಿ. ಕುಡಿದ ಮೇಲೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡಬೇಕು, ಹಾಗಾಗಿ ತಡ ಮಾಡಬಾರದು.

"ಕಹಿಯಾದಷ್ಟೂ ಸಕ್ಕರೆ ಕಾಯಿಲೆಗೆ ಒಳ್ಳೆಯದು" ಎಂದು ಕಣ್ಣುಮುಚ್ಚಿ ಕುಡಿಯುವವರೇ ಹೆಚ್ಚು ಅಪಾಯದಲ್ಲಿರುವುದು. ಹಾಗಲದ ಕಹಿ ಅದರ ಸಹಜ ಗುಣ. ಸೋರೆ, ಸೌತೆ, ಹೀರೆಯಲ್ಲಿ ಕಹಿ ಎಂದರೆ ಎಚ್ಚರಿಕೆಯ ಗಂಟೆ. ಹಾಗಲದ ಪಕ್ಕ ಸೋರೆ ಹಾಕಿದರೆ ಸೋರೆ ಕಹಿಯಾಗುತ್ತದೆ ಎನ್ನುವುದೂ ತಪ್ಪು. ಅವೆರಡೂ ಬೇರೆ ಜಾತಿ, ಬೆರಕೆಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

- ಟೊಮೆಟೊ, ಅವರೆ, ಹುರುಳಿಕಾಯಿಯ ಹೂಗಳಲ್ಲಿ ಹೆಚ್ಚಾಗಿ ಅದೇ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ನಾಟಿ ಅಥವಾ ಜವಾರಿ ತಳಿಯಾಗಿದ್ದರೆ ಇವುಗಳ ಬೀಜ ನಿಶ್ಚಿಂತೆಯಿಂದ ಉಳಿಸಿಕೊಳ್ಳಿ.
- ಬಳ್ಳಿ ತರಕಾರಿಗಳಿಗೆ ನಂಬಿಕೆಯ ಕಡೆಯಿಂದ ಬೀಜ ತನ್ನಿ. ಮನೆಯ ಬೀಜವೇ ಆದರೆ ಪ್ರತಿ ಕಾಯಿಯ ಚೂರನ್ನೂ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯೆನಿಸಿದರೆ ಉಗುಳಿ.
- ಟೊಮೆಟೊ ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ. ತಿರುಳಿನ ಜೊತೆ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ.
- ನೀರಿನಲ್ಲಿ ತೇಲಿದ ಬೀಜವೆಲ್ಲ ಕೆಟ್ಟದ್ದಲ್ಲ, ಒಣಗಿದ ಹಗುರ ಬೀಜವೂ ತೇಲುತ್ತದೆ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಟೊಮೆಟೊ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ, ಮೆಣಸಿಗೆ ಎರಡು ವಾರ ಹಿಡಿಯಬಹುದು. ಹತ್ತರಲ್ಲಿ ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ ಎಂದರ್ಥ.
- ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು. ಸಣ್ಣ ಬೀಜವನ್ನು ಆಳಕ್ಕೆ ಹೂತರೆ ಮೊಳಕೆ ಮೇಲೆ ಬರುವ ಮೊದಲೇ ಸೋಲುತ್ತದೆ.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಬೀಜ ಸುಮ್ಮನೆ ಬಿಸಾಕಿದ್ನಾ?" ಹೌದು, ಸುಮ್ಮನೆ. ಈಗ ಅವರ ಕುಂಡದಲ್ಲಿ ಅಂಗಡಿಯ ಟೊಮೆಟೊದ ಆರು ಸಸಿಗಳಿವೆ. ಗುಂಪಿಗೆ ಆ ಹಳೆಯ ಸಂದೇಶ ಮತ್ತೆ ಬಂದಾಗ ಅವರು ಬರೆದು ಉತ್ತರ ಕೊಡಲಿಲ್ಲ, ಸಸಿಗಳ ಫೋಟೋ ಹಾಕಿದರು. ಅದರ ಕೆಳಗೆ ಕಹಿ ಸೋರೆಯ ಎಚ್ಚರಿಕೆ ಸೇರಿಸಿದ್ದು ನಾನು. ನಿಮ್ಮ ಗುಂಪಿಗೆ ಏನನ್ನಾದರೂ ಕಳಿಸುವುದಿದ್ದರೆ ಆ ಎಚ್ಚರಿಕೆಯನ್ನೇ ಮೊದಲು ಕಳಿಸಿ.