ಉಬ್ಬಸ ಇದೆಯೆಂದು ನಡಿಗೆ ಬಿಡಬೇಡಿ

ತರಕಾರಿ ಚೀಲ ಹಿಡಿದು ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಮಧ್ಯರಾತ್ರಿ ಎದ್ದು ಕೂತು ಕೆಮ್ಮು. ಡಾಕ್ಟರ ಹತ್ತಿರ ಹೋದರೆ ‘ಮೊದಲು ತೂಕ ಇಳಿಸೀಮ್ಮಾ’ ಅಂತಾರೆ. ಸರಿ, ಇಳಿಸೋಣ ಎಂದು ನಾಲ್ಕು ದಿನ ಬಿರುಸಾಗಿ ನಡೆದರೆ ಎದೆಯೊಳಗೆ ಸುಂಯ್ ಸುಂಯ್ ಸದ್ದು ಶುರು. ನಡೆದರೆ ಉಬ್ಬಸ, ಕೂತರೆ ತೂಕ. ಆಸ್ತಮಾ ಇರುವ ಎಷ್ಟೋ ಗೃಹಿಣಿಯರು ಈ ಇಕ್ಕಟ್ಟಿನಲ್ಲೇ ವರ್ಷಗಟ್ಟಲೆ ದಿನ ದೂಡುತ್ತಾರೆ. ಮೊದಲು ವಾಕಿಂಗ್ ಬಿಡುತ್ತಾರೆ, ಆಮೇಲೆ ಮಾರ್ಕೆಟ್ಟಿಗೆ ಹೋಗುವುದು, ಕಡೆಗೆ ನೆಂಟರ ಮನೆಯ ಮದುವೆ ಮುಂಜಿಯೂ ಬೇಡವಾಗುತ್ತದೆ.

ಇದು ಹಣೆಬರಹವೇನಲ್ಲ. ಆದರೆ ಕ್ರಮ ತಪ್ಪಬಾರದು ಅಷ್ಟೆ. ಮೊದಲು ಉಬ್ಬಸ ಹತೋಟಿಗೆ ಬರಬೇಕು. ಆಮೇಲೆ ನಡಿಗೆ. ಜೊತೆಜೊತೆಗೇ ತಟ್ಟೆಯಲ್ಲಿ ಬದಲಾವಣೆ.

ತೂಕಕ್ಕೂ ಉಸಿರಿಗೂ ಏನು ಸಂಬಂಧ?

ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪದರ ಇದೆ. ಉಸಿರೆಳೆದಾಗ ಅದು ಕೆಳಗಿಳಿದು ಶ್ವಾಸಕೋಶ ಅರಳಲು ಜಾಗ ಮಾಡಿಕೊಡುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ತುಂಬಿದರೆ ವಪೆ ಸರಾಗವಾಗಿ ಕೆಳಗಿಳಿಯದು. ಉಸಿರು ಮೇಲುಮೇಲಿನದಾಗುತ್ತದೆ, ಸಣ್ಣ ಶ್ವಾಸನಾಳಗಳು ಇನ್ನಷ್ಟು ಕಿರಿದಾಗುತ್ತವೆ. ಅಷ್ಟೇ ಅಲ್ಲ, ಕೊಬ್ಬಿನ ಅಂಗಾಂಶವು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಆಸ್ತಮಾ ಮೂಲದಲ್ಲಿ ಶ್ವಾಸನಾಳದ ಉರಿಯೂತವೇ ತಾನೆ? ತೂಕ ಹೆಚ್ಚಿದವರಲ್ಲಿ ಹುಳಿತೇಗು, ಎದೆಯುರಿ, ಗೊರಕೆಯೂ ಹೆಚ್ಚು. ಇವೂ ರಾತ್ರಿಯ ಕೆಮ್ಮನ್ನು ಕೆರಳಿಸುತ್ತವೆ.

ಇನ್ನೊಂದು ವಿಷಯ. ಎಲ್ಲ ಏದುಸಿರೂ ಆಸ್ತಮಾ ಅಲ್ಲ. ತೂಕದಿಂದ, ರಕ್ತಹೀನತೆಯಿಂದ, ಹೃದಯದ ತೊಂದರೆಯಿಂದಲೂ ಮೇಲುಸಿರು ಬರಬಹುದು. ಹಾಗಾಗಿ ಕೊಳವೆಯೊಳಗೆ ಜೋರಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳಿ.

ಎಷ್ಟು ಇಳಿದರೆ ಸಾಕು?

ಭಾರತೀಯರಿಗೆ ತೂಕದ ಮಿತಿ ಪಾಶ್ಚಾತ್ಯರಿಗಿಂತ ಕಡಿಮೆ. ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ದೇಶದ ತಜ್ಞರು 2009ರಲ್ಲಿ ನಿಗದಿ ಮಾಡಿದರು. 5 ಅಡಿ 1 ಇಂಚು ಎತ್ತರದ ಮಹಿಳೆಗೆ ಇದು ಸುಮಾರು 55 ಮತ್ತು 60 ಕೆ.ಜಿ. ಆಗುತ್ತದೆ. ಟೇಪು ಹಿಡಿದು ಸೊಂಟ ಅಳೆದುಕೊಳ್ಳಿ. ಮಹಿಳೆಯರಿಗೆ 80 ಸೆಂ.ಮೀ., ಅಂದರೆ ಸುಮಾರು ಮೂವತ್ತೊಂದೂವರೆ ಇಂಚಿನೊಳಗೆ ಇದ್ದರೆ ಒಳ್ಳೆಯದು.

‘ಅಯ್ಯೋ, ನಾನಿರೋದು 80 ಕೆ.ಜಿ., 55ಕ್ಕೆ ಬರೋದು ಯಾವ ಜನ್ಮಕ್ಕೆ?’ ಎಂದು ಎದೆಗುಂದಬೇಡಿ. ಈಗಿರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಆಸ್ತಮಾ ಹತೋಟಿಗೆ ಅನುಕೂಲವಾಗುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. 80 ಕೆ.ಜಿ. ಇರುವವರಿಗೆ ಅದು ನಾಲ್ಕರಿಂದ ಎಂಟು ಕೆ.ಜಿ. ಮಾತ್ರ. ಹಾಗೆಂದು ಒಂದೆರಡು ಕೆ.ಜಿ. ಇಳಿಸಿ ಕೈಬಿಟ್ಟರೂ ಆಗದು. ಅಮೆರಿಕದಲ್ಲಿ 330 ಜನರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ತೂಕ ಅಲ್ಪಸ್ವಲ್ಪ ಇಳಿದವರಿಗೆ ಉಬ್ಬಸದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಶೇ 10ರಷ್ಟು ಇಳಿಸಿಕೊಂಡವರಿಗೆ ಸ್ಪಷ್ಟ ಲಾಭ ಸಿಕ್ಕಿತು. ಆರು ತಿಂಗಳು, ಒಂದು ವರ್ಷ ಹಿಡಿದರೂ ಚಿಂತೆಯಿಲ್ಲ. ತಿಂಗಳಿಗೆ ಒಂದರಿಂದ ಎರಡು ಕೆ.ಜಿ. ಇಳಿದರೆ ಸಾಕು.

ಇನ್‌ಹೇಲರ್‌ನಿಂದ ದಪ್ಪ ಆಗ್ತಾರಾ?

ಕೆಲವರು ಮನೆಯಲ್ಲಿ ಯಾರಿಗೂ ಹೇಳದೆ ಇನ್‌ಹೇಲರ್ ನಿಲ್ಲಿಸಿಬಿಡುತ್ತಾರೆ. ‘ಅದರಲ್ಲಿ ಸ್ಟೀರಾಯ್ಡ್ ಇರುತ್ತಂತೆ, ಮೈ ಊದುತ್ತಂತೆ’ ಎಂಬ ಭಯ. ಇಲ್ಲಿ ವ್ಯತ್ಯಾಸ ತಿಳಿದುಕೊಳ್ಳಬೇಕು. ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆ ಹಸಿವು ಹೆಚ್ಚಿಸುತ್ತದೆ, ಮುಖ ಊದಿಸುತ್ತದೆ, ತೂಕವನ್ನೂ ಏರಿಸುತ್ತದೆ. ಇನ್‌ಹೇಲರ್‌ನ ಔಷಧಿ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಅದರಿಂದ ಮೈ ಬರುವುದು ಅಪರೂಪ. ಅದನ್ನು ಬಿಟ್ಟು ಉಬ್ಬಸ ಉಲ್ಬಣಿಸಿದರೆ ಮಾತ್ರೆಯ ಸ್ಟೀರಾಯ್ಡೇ ಬೇಕಾಗುತ್ತದೆ! ಮಾತ್ರೆಯನ್ನೂ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಅಪಾಯ.

ಇನ್ನು ಕೆಲವರು ಸುಸ್ತಾದಾಗ ಮಾತ್ರ ನೀಲಿ ಇನ್‌ಹೇಲರ್ ಎಳೆದು ಸುಮ್ಮನಾಗುತ್ತಾರೆ. ಅದು ಆ ಕ್ಷಣಕ್ಕೆ ನಾಳ ಅಗಲಿಸುತ್ತದೆ, ಒಳಗಿನ ಉರಿಯೂತ ಹಾಗೇ ಉಳಿಯುತ್ತದೆ. ಅದೊಂದನ್ನೇ ನೆಚ್ಚಿಕೊಳ್ಳಬಾರದು ಎಂದು ಆಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ ‘ಜಿನಾ’ 2019ರಿಂದ ಹೇಳುತ್ತಿದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅದು ಬೇಕಾಗುತ್ತಿದ್ದರೆ, ರಾತ್ರಿ ಉಬ್ಬಸದಿಂದ ಎಚ್ಚರವಾಗುತ್ತಿದ್ದರೆ ನಿಮ್ಮ ಆಸ್ತಮಾ ಹತೋಟಿಯಲ್ಲಿಲ್ಲ ಎಂದೇ ಅರ್ಥ. ವಾಕಿಂಗ್ ಶೂ ಕೊಳ್ಳುವ ಮೊದಲು ಡಾಕ್ಟರನ್ನು ಕಾಣಿ. ಇನ್‌ಹೇಲರ್ ಎಳೆಯುವ ವಿಧಾನವನ್ನು ಅವರೆದುರೇ ಮಾಡಿ ತೋರಿಸಿ. ಎಷ್ಟೋ ಜನರ ಔಷಧಿ ನಾಲಿಗೆ ಮೇಲೇ ಉಳಿದುಬಿಡುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲು ಮರೆಯಬೇಡಿ.

ನಡಿಗೆ ಶುರು ಮಾಡೋದು ಹೇಗೆ?

ಮೊದಲ ವಾರ ದಿನಕ್ಕೆ ಎರಡು ಸಲ, ಒಂದೊಂದು ಸಲ ಹತ್ತು ನಿಮಿಷ ಸಾಕು. ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋಗಿ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 150 ನಿಮಿಷ ಮುಟ್ಟುವುದು ಗುರಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ಎದ್ದವರೇ ಬಿರಬಿರನೆ ಹೊರಡಬೇಡಿ. ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ, ಕೊನೆಗೂ ಹಾಗೇ ವೇಗ ತಗ್ಗಿಸಿ. ನಡೆದಾಗೆಲ್ಲ ಉಬ್ಬಸ ಬರುವವರಿಗೆ ಹತ್ತು ಹದಿನೈದು ನಿಮಿಷ ಮೊದಲು ಇನ್‌ಹೇಲರ್ ಎಳೆಯಲು ಡಾಕ್ಟರು ಹೇಳಬಹುದು, ಕೇಳಿಕೊಳ್ಳಿ. ಹೊರಡುವಾಗ ಅದು ಜೊತೆಯಲ್ಲೇ ಇರಲಿ.

ಬೆಂಗಳೂರಿನಂಥ ಊರಿನಲ್ಲಿ ಹೊತ್ತು, ದಾರಿ ಎರಡೂ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಐದು ಗಂಟೆಯ ಚಳಿಗಾಳಿಗೆ ಶ್ವಾಸನಾಳ ಬಿಗಿದುಕೊಳ್ಳುತ್ತದೆ. ಬಿಸಿಲು ಬಿದ್ದ ಮೇಲೆ, ಮೂಗಿಗೆ ದುಪಟ್ಟಾ ಸುತ್ತಿಕೊಂಡು ಹೊರಡಿ. ಬಸ್ಸು ಲಾರಿ ಓಡಾಡುವ ಮುಖ್ಯರಸ್ತೆ ಬೇಡ, ಬಡಾವಣೆಯ ಪಾರ್ಕೋ ಒಳರಸ್ತೆಯೋ ಆಗಲಿ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಬೆಳ್ಳಗೆ ಹೂ ಬಿಟ್ಟಿದ್ದರೆ ಆ ದಾರಿಯನ್ನೂ ಬಿಡಿ. ಮಳೆಗಾಲದಲ್ಲಿ ಮನೆಯ ಹಾಲಿನಲ್ಲೇ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಕೂತು ಏಳುವುದೂ ಒಳ್ಳೆಯ ವ್ಯಾಯಾಮವೇ. ಪ್ರಾಣಾಯಾಮ ಮಾಡುವವರು ಮಾಡಿ, ಆದರೆ ಅದು ಔಷಧಿಗೆ ಬದಲಿಯಲ್ಲ. ಉಬ್ಬಸ ಇರುವಾಗ ಕಪಾಲಭಾತಿಯಂಥ ಬಿರುಸಿನ ಕ್ರಿಯೆ ಬೇಡವೇ ಬೇಡ.

ಅಡುಗೆಮನೆಯ ಲೆಕ್ಕ

ನಿಮಗೊಂದು ಅಡುಗೆ, ಮನೆಯವರಿಗೊಂದು ಅಡುಗೆ ಅಂತ ಹೊರಟರೆ ಎಂಟು ದಿನಕ್ಕೆ ಸಾಕಾಗಿಹೋಗುತ್ತದೆ. ಅದೇ ಸಾರು, ಅದೇ ಪಲ್ಯ ಇರಲಿ, ಅಳತೆ ಬದಲಾಗಲಿ.

• ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ, ಸೊಪ್ಪಿನ ಹುಳಿ. ಕಾಲು ಭಾಗ ಅನ್ನ, ಮುದ್ದೆ ಅಥವಾ ಚಪಾತಿ, ಮೂರರಲ್ಲಿ ಒಂದು ಮಾತ್ರ. ಉಳಿದ ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು.

• ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಸಾಕು. ಒಂದನೇ ತಾರೀಕು ಅಷ್ಟನ್ನೇ ತಂದಿಡಿ.

• ಎರಡೆರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ಮೂರು ಕಾಫಿ ಕುಡಿದರೆ ಸುಮಾರು 30 ಗ್ರಾಂ ಸಕ್ಕರೆ, 120 ಕ್ಯಾಲೊರಿ. ದಿನವಿಡೀ ಸಕ್ಕರೆ 25 ಗ್ರಾಂ ದಾಟಬಾರದು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಮೊದಲು ಒಂದು ಚಮಚಕ್ಕೆ ಇಳಿಸಿ, ಆಮೇಲೆ ಅರ್ಧಕ್ಕೆ.

• ಮಕ್ಕಳು ಬಿಟ್ಟ ದೋಸೆ, ಪಾತ್ರೆಯಲ್ಲಿ ಉಳಿದ ಚಿತ್ರಾನ್ನ ‘ಸುಮ್ನೆ ಯಾಕೆ ಚೆಲ್ಲೋದು’ ಎಂದು ನಿಮ್ಮ ಹೊಟ್ಟೆಗೆ ಹಾಕಿಕೊಳ್ಳಬೇಡಿ.

• ಒಪ್ಪತ್ತು ಅಂದರೆ ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು, ಮೇಲೊಂದು ಬಜ್ಜಿ ಅಲ್ಲ!

• ಶೀತವಾಗುತ್ತೆಂದು ಬಾಳೆಹಣ್ಣು, ಕಿತ್ತಳೆ, ಮಜ್ಜಿಗೆ ಎಲ್ಲ ಬಿಟ್ಟು ಚಕ್ಕುಲಿ, ಕೋಡುಬಳೆ ಡಬ್ಬಕ್ಕೆ ಕೈ ಹಾಕುವವರಿದ್ದಾರೆ. ನಿಮಗೆ ನಿಜಕ್ಕೂ ಅಲರ್ಜಿಯಿರುವ ಪದಾರ್ಥವನ್ನು ಮಾತ್ರ ಬಿಡಿ.

• ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಹುಳಿತೇಗು, ರಾತ್ರಿಯ ಕೆಮ್ಮು ಎರಡೂ ಕಡಿಮೆಯಾಗುತ್ತವೆ.

ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಕೊಳ್ಳಿ. ಸೊಳ್ಳೆಬತ್ತಿ, ಧೂಪದ ಹೊಗೆ ಬೇಡ. ಹಬ್ಬದ ಧೂಳು ಹೊಡೆಯುವ ಕೆಲಸ ಮನೆಯವರು ಬೇರೆ ಯಾರಾದರೂ ಮಾಡಲಿ. ಎಲ್ಲವನ್ನೂ ನೀವೇ ಮಾಡಿ ನಾಲ್ಕು ದಿನ ಮಲಗಿದರೆ ನಡಿಗೆಯೂ ನಿಲ್ಲುತ್ತದೆ, ಹಬ್ಬವೂ ಕೆಡುತ್ತದೆ.

ಇದು ನೆನಪಿರಲಿ

ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದಳತೆ, ನೀಲಿ ಇನ್‌ಹೇಲರ್ ಎಷ್ಟು ಸಲ ಬೇಕಾಯಿತು ಎಂಬುದನ್ನು ಬರೆದಿಡಿ. ಡಾಕ್ಟರಿಗೆ ಅದನ್ನೇ ತೋರಿಸಿ. ತೂಕ ಇಳಿದು ಉಸಿರು ಹಗುರಾದಾಗ ಔಷಧಿ ಕಡಿಮೆ ಮಾಡಬೇಕೇ ಎಂದು ತೀರ್ಮಾನಿಸುವವರು ಅವರು, ನಾವಲ್ಲ. ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರು ಡಾಕ್ಟರನ್ನು ಕೇಳದೆ ಯಾವ ಪಥ್ಯವನ್ನೂ ಶುರು ಮಾಡಬಾರದು.

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಇನ್‌ಹೇಲರ್ ಎಳೆದರೂ ತಗ್ಗದಿದ್ದರೆ ‘ಬೆಳಿಗ್ಗೆ ನೋಡೋಣ’ ಎನ್ನಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ. ಅದು ಯಾವ ಆಸ್ಪತ್ರೆ, ರಾತ್ರಿಹೊತ್ತು ಯಾರನ್ನು ಕರೆಯಬೇಕು, ಇನ್‌ಹೇಲರ್ ಎಲ್ಲಿದೆ ಎಂಬುದು ನಿಮ್ಮ ಯಜಮಾನರಿಗೂ ಮಕ್ಕಳಿಗೂ ಗೊತ್ತಿರಲಿ. ಇವತ್ತೇ ಕೂರಿಸಿಕೊಂಡು ಹೇಳಿ.